ಕಿವಿ ಹಿಂಡುವ ಹಕ್ಕು

ತಾಳಿಕೋಟೆಯ ಕಾಳಗ ತಾಳಿಕೋಟೆಯಲ್ಲಿ ನಡೆಯಲಿಲ್ಲ. 1565ರ ಜನವರಿ 23ರಂದು ಕತ್ತಿಗೆ ಕತ್ತಿ ತಾಗಿದ್ದು ಅತ್ತ ಕೃಷ್ಣಾ ತೀರದ ಕಡೆ. ಸುಲ್ತಾನರ ದಂಡು ಇಲ್ಲಿ ಬೀಡುಬಿಟ್ಟಿತ್ತೆಂದು ಹೆಸರು ಮಾತ್ರ ಈ ಊರಿಗೆ ಅಂಟಿತು. ಈ ಭಾಗದಲ್ಲಿ ಓಣಿಗೊಬ್ಬರಂತೆ ಸಿಗುವ ರೇಡಿಯೋ ಕಾಕಾನ ಕಾಳಗವೂ ಇದೇ ಜಾತಿಯದು: ಹೆಸರು ರೇಡಿಯೋದ್ದು, ರಣರಂಗ ಬೇರೆ. ಪಿಂಚಣಿ ಶುರುವಾದ ವರ್ಷವೇ ಕಾಕಾ ಅಟ್ಟದಿಂದ ಒಂದು ಮರ್ಫಿಯನ್ನೋ ಬುಶ್ಶನ್ನೋ ಇಳಿಸುತ್ತಾರೆ, ಪಡಸಾಲೆಯ ಪರಸಿಕಲ್ಲಿನ ಮೇಲೆ ಹಳೇ ಪೇಪರು ಹಾಸುತ್ತಾರೆ, ಅಂದಿನಿಂದ ಮನೆಮಂದಿ ಆ ಜಾಗವನ್ನು ಪ್ರದಕ್ಷಿಣೆ ಹಾಕಿಕೊಂಡೇ ಓಡಾಡಬೇಕು. ನೋಡಿದವರು ‘ಹಳೇ ಸಾಮಾನಿನ ಹುಚ್ಚು’ ಎಂದು ಷರಾ ಬರೆದು ಮುಗಿಸುತ್ತಾರೆ. ಆದರೆ ಕಾಕಾ ಸರಿಮಾಡಲು ಹೊರಟಿರುವುದು ರೇಡಿಯೋವನ್ನಲ್ಲ, ಪಡಸಾಲೆಯನ್ನು.

ಕೈಗುಣದ ಬಗ್ಗೆ ಚಕಾರ ಎತ್ತುವಂತಿಲ್ಲ. ಅರವತ್ತು ವರ್ಷದ ಸೆಟ್ಟನ್ನು ಏಕಾಏಕಿ ಕರೆಂಟಿಗೆ ಚುಚ್ಚಿದರೆ ಒಣಗಿದ ಕಂಡೆನ್ಸರ್ ಢಬ್ಬೆಂದೀತೆಂದು ಅವರು ನಡುವೆ 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸಿನಲ್ಲಿ ಕೊಡುತ್ತಾರೆ. ಬಲ್ಬು ಪೂರ್ತಿ ಉರಿದರೆ ಒಳಗೆ ಶಾರ್ಟು. ಒಮ್ಮೆ ಮಿಂಚಿ ಮಂಕಾದರೆ ಜೀವವಿದೆ. ಇಲಿ ಕಡಿದ ಸ್ಪೀಕರಿಗೆ ತೆಳು ಕಾಗದದ ತೇಪೆ, ಡಯಲಿನ ಮುಳ್ಳನ್ನು ಎಳೆಯಲು ಹೊಸ ದಾರ, ಇಎಲ್ 84 ವಾಲ್ವಿಗಾಗಿ ಹೈದರಾಬಾದಿನ ಗುಜರಿ ಬಜಾರದವರೆಗೆ ಬಸ್ಸು. ಆದರೆ ಇಷ್ಟು ಬಲ್ಲವರ ಮನೆಯಲ್ಲಿ ಮಿಕ್ಸರಿನ ಕಾರ್ಬನ್ ಬ್ರಶ್ ಸವೆದು ಮೂರು ತಿಂಗಳಾಯಿತು. ಅದೇ ಸ್ಕ್ರೂಡ್ರೈವರಿನ ನಾಲ್ಕು ತಿರುವಿನ ಕೆಲಸ. ಕಾಕಾನ ಹೆಂಡತಿ ಕಾಕು ಶೇಂಗಾ ಹಿಂಡಿಯನ್ನು ಒರಳಿನಲ್ಲೇ ಕುಟ್ಟುತ್ತಿದ್ದಾರೆ. ಇದೆಲ್ಲ ಕೈಕೆಲಸದ ಮೇಲಿನ ಪ್ರೀತಿ ಎಂಬ ವಾದ ಆ ಒರಳಿನಲ್ಲೇ ಪುಡಿಯಾಗುತ್ತದೆ.

ಹಾಡಿನ ಮೋಹವಿದ್ದೀತು ಎಂದರೆ, ಬೇಕಾದ ಹಾಡು ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ಕಾಕಾ ಅದನ್ನು ಕೇಳಿದ್ದನ್ನು ಯಾರೂ ಕಂಡಿಲ್ಲ. ದುಡ್ಡಿನಾಸೆ ಎಂದರೆ, ಮಾರಾಟದ ಮಾತೆತ್ತಿದವರಿಗೆ ಚಹಾ ಕೂಡ ಸಿಗುವುದಿಲ್ಲ. ಕಾರಣವನ್ನು ಡಬ್ಬಿಯ ಮುಖದಲ್ಲೇ ಹುಡುಕಬೇಕು. ನಾವು ರೇಡಿಯೋದ ತಿರುಗಣಿಗೆ ‘ಕಿವಿ’ ಎನ್ನುತ್ತೇವೆ. ಆ ಕಿವಿ ಹಿಂಡುವ ಹಕ್ಕು ಮನೆಗೆ ಒಬ್ಬರದೇ ಆಗಿತ್ತು. ಅಂಚೆ ಕಚೇರಿಯಲ್ಲಿ ವರ್ಷಾವರ್ಷ ದುಡ್ಡು ಕಟ್ಟಿ ಸ್ಟಾಂಪು ಅಂಟಿಸಿಕೊಳ್ಳುತ್ತಿದ್ದ ಲೈಸೆನ್ಸಿನ ಪುಸ್ತಕವೂ ಯಜಮಾನರ ಹೆಸರಿನಲ್ಲೇ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಇಡೀ ಮುಂಬೈ ಕರ್ನಾಟಕಕ್ಕೆ ಮಾತಾಡುತ್ತಿದ್ದರೂ, ಈ ಮನೆಯಲ್ಲಿ ಅದು ಮಾತಾಡಬೇಕಾದರೆ ಅಜ್ಜನ ಅಪ್ಪಣೆ ಬೇಕಿತ್ತು. 1952ರಿಂದ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಬರುತ್ತಿತ್ತು ನಿಜ, ಆದರೆ ಅಜ್ಜನಿಗೆ ವಾರ್ತೆ ಬೇಕಿದ್ದರೆ ಸಿಲೋನು ಸಮುದ್ರದಾಚೆಯೇ ಉಳಿಯುತ್ತಿತ್ತು.

ಅಮೆರಿಕದಲ್ಲಿಯೂ ಈ ಕಾಕಾಗಳ ದೂರದ ದಾಯಾದಿಗಳಿದ್ದಾರೆ. 1980ರಲ್ಲಿ ಬಂದ ಪ್ಯಾಕ್‌ಮ್ಯಾನಿನಂಥ, ನಾಣ್ಯ ಹಾಕಿ ಆಡುವ ವಿಡಿಯೋ ಗೇಮಿನ ಆಳೆತ್ತರದ ಕಪಾಟನ್ನು ಕೊಂಡು ತಂದು, ಒಳಗಿನ ಪಿಕ್ಚರ್ ಟ್ಯೂಬು ಬೆಳಗಿಸಲು ಹೆಣಗುತ್ತಾರೆ. ಇಬ್ಬರ ನಡುವೆ ಒಂದು ವ್ಯತ್ಯಾಸವಿದೆ. ಅವರು ಹುಡುಗರಾಗಿದ್ದಾಗ ಮನಸಾರೆ ಆಡಿದ್ದನ್ನು ಮತ್ತೆ ಆಡಲು ತರುತ್ತಾರೆ. ನಮ್ಮ ಕಾಕಾ ಹುಡುಗನಾಗಿದ್ದಾಗ ಮುಟ್ಟಿ ಪೆಟ್ಟು ತಿಂದದ್ದನ್ನು. ಅಜ್ಜನ ನಂತರ ಅಪ್ಪ, ಅಪ್ಪನ ನಂತರ ತಾನು ಎಂದು ಪಾಳಿ ಕಾದರು. ಪಾಳಿ ಬರುವ ಹೊತ್ತಿಗೆ ಟಿವಿ ಬಂತು, ಅದರ ರಿಮೋಟು ಕಾಕುವಿನ ಧಾರಾವಾಹಿಗಳ ಕೈಸೇರಿತು. ಮುಂದೆ ಮೊಬೈಲು ಬಂದು ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಕಿವಿಯಾಯಿತು.

ಹೀಗೆ ಬರೆಯುವುದು ನಿಷ್ಠುರವಲ್ಲವೇ, ಪಾಪ, ಎಲ್ಲರೂ ಕೂಡಿ ಕೂರಲಿ ಎಂಬ ಆಸೆಯೂ ಇರಬಹುದಲ್ಲ ಎಂದು ಮೃದು ಮನಸ್ಸಿನವರು ಕೇಳಬಹುದು. ಇರಬಹುದು, ನನಗೂ ಅವರ ಮೇಲೆ ಕನಿಕರವೇ. ಆದರೆ ಡಬ್ಬಿಯೊಳಗೆ ಬ್ಲೂಟೂತ್ ಕೂರಿಸಿದರೆ ಎಲ್ಲರೂ ಕೂಡಿ ಕೇಳಬಹುದು ಎಂದ ಮೊಬೈಲ್ ಅಂಗಡಿ ಹುಡುಗನನ್ನು ಕಾಕಾ ನೋಡುವ ನೋಟದಲ್ಲಿ ಉತ್ತರವಿದೆ. ಬ್ಲೂಟೂತ್ ಬಂದರೆ ಮೊಮ್ಮಗಳು ಮಂಚದ ಮೇಲೆ ಮಲಗಿಯೇ ಹಾಡು ಬದಲಿಸುತ್ತಾಳೆ. ಕಿವಿ ಮತ್ತೆ ಕೈತಪ್ಪಿತು.

ಅಲ್ಲದೆ ಕಾಲವೂ ಕಾಕಾನ ಪರವಾಗಿ ಒಂದು ಸಾಕ್ಷಿ ಹೇಳುತ್ತದೆ. ಮೊಬೈಲ್ ಚಾರ್ಜರುಗಳೂ ಅಗ್ಗದ ಎಲ್‌ಇಡಿ ಬಲ್ಬುಗಳೂ ಸೂಸುವ ಗದ್ದಲ ಮೀಡಿಯಂ ವೇವಿನ ಮೇಲೆ ನೇರ ಬೀಳುತ್ತದೆ. ಸ್ಟೇಷನ್ನಿನ ಜಾಗದಲ್ಲಿ ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ಧ್ವನಿ ತಿಳಿಯಾಗಬೇಕಾದರೆ ಚಾರ್ಜರು ಕೀಳಬೇಕು, ದೀಪ ಆರಿಸಬೇಕು. ಕಾಕಾ ಇದನ್ನು ಓಂ ಪ್ರಥಮದಲ್ಲೇ ಕಂಡುಕೊಂಡಿರುತ್ತಾರೆ ಮತ್ತು ತುಂಬ ಗಂಭೀರವಾಗಿ ಜಾರಿಗೆ ತರುತ್ತಾರೆ. ಮನೆ ಕತ್ತಲಾಗುತ್ತದೆ. ವಾಲ್ವು ಕಾಯಲು ಅರ್ಧ ನಿಮಿಷ. ಮ್ಯಾಜಿಕ್ ಐ ಎಂಬ ಹಸಿರು ಕಣ್ಣು ನಿಧಾನ ತೆರೆದು, ಸ್ಟೇಷನ್ ಹತ್ತಿರವಾದಂತೆ ಅದರ ಎರಡು ಅಂಚುಗಳು ಕೂಡುತ್ತವೆ. ಬೇರೆ ಬೆಳಕಿಲ್ಲದ್ದರಿಂದ ಹಿರಿಕಿರಿಯರೆಲ್ಲ ಅದನ್ನೇ ನೋಡುತ್ತ ಕೂತಿರುತ್ತಾರೆ. “ಸುಮ್ನಿರ್ರಿ, ಬಂತು!” ಎನ್ನುತ್ತ ಕಾಕಾ ಕಿವಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಅಡಿಗೆಮನೆಯ ಕತ್ತಲೆಯಿಂದ ಒಂದು ದನಿ ಬರುತ್ತದೆ: “ಹೆಂಗೂ ಎಲ್ಲಾ ಬಂದ್ ಮಾಡೀರಿ, ಈಗರೆ ಆ ಮಿಕ್ಸರ್ ಬಿಚ್ರಲಾ.”