ಅರಿಷ್ಟಕ್ಕೊಂದು ಪರೀಕ್ಷೆ

ತಾನಾಗಿ ಬಂದು ತಾನಾಗಿ ಹೋಗುವ ತೊಂದರೆಗೆ ಔಷಧಿ ಮಾರುವವನಷ್ಟು ನೆಮ್ಮದಿಯ ವ್ಯಾಪಾರಿ ಈ ಲೋಕದಲ್ಲಿ ಇನ್ನೊಬ್ಬನಿಲ್ಲ. ನೆಗಡಿಯ ವ್ಯಾಪಾರ ಒಂದು ವಾರದ್ದು. ಮುಟ್ಟಿಗೆ ಮುಂಚಿನ ಮುನಿಸಿನದು ಹಾಗಲ್ಲ, ತಿಂಗಳಾ ತಿಂಗಳಾ ಬರುವ ಆದಾಯ. ಸೊಂಟ ಹಿಡಿಯುತ್ತದೆ, ಎದೆ ಬಿಗಿಯುತ್ತದೆ, ಹೊಟ್ಟೆ ಉಬ್ಬರಿಸಿ ಸೀರೆಯ ನೆರಿಗೆ ಕೂರುವುದಿಲ್ಲ. ಜಾಹೀರಾತಿನಲ್ಲಿ ನಾಯಿಮರಿ ಬಂದರೂ ಕಣ್ಣು ತುಂಬುತ್ತದೆ, ಕುಕ್ಕರಿನ ಮೂರನೇ ಸೀಟಿಗೆ ತಲೆ ಸಿಡಿಯುತ್ತದೆ. ಮುಟ್ಟು ಶುರುವಾಗಿ ಒಂದೆರಡು ದಿನ ಕಳೆಯಲಿ, ಎಲ್ಲ ಮಾಯ. ಮಾಯವಾಗುವ ಹಿಂದಿನ ಸಂಜೆ ನೀವು ಏನು ಕುಡಿದಿದ್ದಿರೋ ಕೀರ್ತಿ ಪೂರ್ತಿ ಅದಕ್ಕೇ. ಎಳನೀರು ಕುಡಿದಿದ್ದರೆ ಎಳನೀರಿಗೆ, ಜೀರಿಗೆ ಕಷಾಯವಾದರೆ ಜೀರಿಗೆಗೆ, ಏನೂ ಕುಡಿಯದೆ ಚಾಮುಂಡಿಗೆ ಹರಕೆ ಹೊತ್ತಿದ್ದರೆ ಬೆಟ್ಟದ ಮೆಟ್ಟಿಲು ಹತ್ತುವ ಕೆಲಸವೊಂದು ಬಾಕಿ.

ನಮ್ಮ ಮನೆಗೆ ಬಂದದ್ದು ಅಶೋಕಾರಿಷ್ಟ. ತಂದವರು ನಮ್ಮ ಸೋದರತ್ತೆ. "ನಮ್ಮ ಕಾಲದಲ್ಲಿ ಇದಕ್ಕೆಲ್ಲ ಹೆಸರೂ ಇರಲಿಲ್ಲ, ಮದ್ದೂ ಬೇಕಾಗಿರಲಿಲ್ಲ" ಎನ್ನುತ್ತಲೇ ಮದ್ದಿನ ಬಾಟಲಿಯನ್ನು ಕೈಗಿಟ್ಟರು. ಹೆಸರಿರಲಿಲ್ಲ ಅನ್ನುವುದು ಅತ್ತೆಯ ಭ್ರಮೆ. 1931ರಲ್ಲೇ ನ್ಯೂಯಾರ್ಕಿನ ರಾಬರ್ಟ್ ಫ್ರಾಂಕ್ ಎಂಬ ವೈದ್ಯರು ಈ ಬಿಗುವಿನ ಬಗ್ಗೆ ಬರೆದಿದ್ದರು. 1953ರಲ್ಲಿ ಇಂಗ್ಲೆಂಡಿನ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಸೇರಿ ಅದಕ್ಕೆ ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್, ಅಂದರೆ ಪಿಎಂಎಸ್, ಎಂದು ನಾಮಕರಣ ಮಾಡಿದರು. ಈ ಗ್ರೀನ್ ಕಾದಂಬರಿಕಾರ ಗ್ರಹಾಂ ಗ್ರೀನರ ಅಣ್ಣ. 1933ರ ಎವರೆಸ್ಟ್ ತಂಡದ ಜೊತೆ ವೈದ್ಯರಾಗಿ ಹೋಗಿದ್ದವರು. ಆ ಗಾಳಿಗೆ ಎದೆಕೊಟ್ಟು ಬಂದ ಮೇಲೆಯೇ ಗಂಡಸೊಬ್ಬನಿಗೆ ಈ ವಿಷಯ ಎತ್ತುವ ಧೈರ್ಯ ಬಂದಿರಬೇಕೆಂದು ನನ್ನ ಗುಮಾನಿ.

ಬಾಟಲಿಯ ಮುಚ್ಚಳ ತಿರುಗಿಸಿದರೆ ಮೊದಲು ಬರುವುದು ಹಳೆಯ ಬೆಲ್ಲದ ವಾಸನೆ, ಅದರ ಬೆನ್ನಿಗೇ ಸಣ್ಣ ಘಾಟು. ಬಾಯಿಗೆ ಹಾಕಿದರೆ ನಾಲಿಗೆಯ ತುದಿಗೆ ಸಿಹಿ, ನಡುವಿಗೆ ಒಗರು, ಗಂಟಲಿಗೆ ಬೆಚ್ಚಗೆ. ಆ ಬೆಚ್ಚಗಿನ ಕಾರಣ ಲೇಬಲ್ಲಿನ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿದೆ: ಸ್ವಯಂಜನ್ಯ ಆಲ್ಕೋಹಾಲ್, ಶೇ. 5ರಿಂದ 10. ಅಶೋಕದ ತೊಗಟೆಯ ಕಷಾಯಕ್ಕೆ ಬೆಲ್ಲ ಹಾಕಿ, ಹುದುಗಿಸಲು ಧಾತಕಿ ಹೂವು ಸೇರಿಸಿ, ಜೀರಿಗೆ, ಕೊನ್ನಾರಿ ಗಡ್ಡೆ, ಶುಂಠಿ, ಮರದರಿಶಿನ, ತ್ರಿಫಲ, ಮಾವಿನ ಓಟೆ, ಆಡುಸೋಗೆ, ಶ್ರೀಗಂಧ ಎಲ್ಲ ಬೆರೆಸಿ ಬಾಯಿ ಕಟ್ಟಿ ಇಟ್ಟರೆ ಅದು ಸುಮ್ಮನೆ ಕೂತಿರುತ್ತದೆಯೇ? ಬಿಯರಿನ ಜಾಹೀರಾತು ಬಂದರೆ ಚಾನೆಲ್ ಬದಲಿಸುವ ನಮ್ಮ ಅತ್ತೆ ಇದನ್ನು ಊಟವಾದ ಮೇಲೆ ಸಮಪಾಲು ನೀರು ಬೆರೆಸಿ ಕುಡಿಯಬೇಕೆಂದು ಅಳತೆ ಸಮೇತ ಹೇಳಿಕೊಟ್ಟರು. ಹನ್ನೆರಡರಿಂದ ಇಪ್ಪತ್ನಾಲ್ಕು ಮಿಲಿ. ಅಷ್ಟಕ್ಕೆ ಯಾರೂ ತೂರಾಡುವುದಿಲ್ಲ, ಆದರೆ ಮನಸ್ಸು ಹಗುರಾದರೆ ಆ ಹಗುರವನ್ನು ಅಶೋಕದ ಲೆಕ್ಕಕ್ಕೆ ಬರೆಯುವುದೋ ಬೆಲ್ಲದ ಹುದುಗಿನ ಲೆಕ್ಕಕ್ಕೋ?

ಇನ್ನೊಂದು ತಮಾಷೆ ಇದೆ. ಈ ಅರಿಷ್ಟ ಇರುವುದು ಭೈಷಜ್ಯ ರತ್ನಾವಳಿ ಎಂಬ ಆಯುರ್ವೇದ ಗ್ರಂಥದಲ್ಲಿ. ಅಲ್ಲಿ ಹೇಳಿರುವುದು ಅತಿಯಾದ ರಕ್ತಸ್ರಾವಕ್ಕೆ, ಜ್ವರಕ್ಕೆ, ಮೂಲವ್ಯಾಧಿಗೆ, ಮಂದಾಗ್ನಿಗೆ, ಅರುಚಿಗೆ. ನಾಯಿಮರಿ ಕಂಡು ಅಳುವವರ ಪ್ರಸ್ತಾಪವೇ ಇಲ್ಲ. ಪಿಎಂಎಸ್ಸನ್ನು ಆ ಪಟ್ಟಿಗೆ ಸೇರಿಸಿದವರು ನಮ್ಮ ಕಾಲದವರು. ಶಾಸ್ತ್ರಗ್ರಂಥದ ಪಾಕವನ್ನು ಗ್ರಂಥ ಹೇಳಿದ ಕಾಯಿಲೆಗೇ ಮಾರುವುದಾದರೆ ಹೊಸದಾಗಿ ಪ್ರಯೋಗ ಮಾಡಿ ತೋರಿಸಬೇಕೆಂಬ ಕಟ್ಟಳೆ ನಮ್ಮಲ್ಲಿಲ್ಲ. ಶ್ಲೋಕವೇ ಲೈಸೆನ್ಸು. ಮುಟ್ಟಿನ ದೋಷ ಸರಿಪಡಿಸುತ್ತೇವೆಂದು ಜಾಹೀರಾತು ಹಾಕುವುದನ್ನಂತೂ 1954ರ ಮಾಂತ್ರಿಕ ಪರಿಹಾರಗಳ ಕಾಯಿದೆ ಹೆಸರೆತ್ತಿಯೇ ನಿಷೇಧಿಸಿದೆ. ಹಾಗಾಗಿ ಜಾಹೀರಾತುಗಳೆಲ್ಲ ಬಹಳ ಜಾಣ. ದೋಷದ ಸುದ್ದಿ ಎತ್ತುವುದಿಲ್ಲ, 'ಸ್ತ್ರೀಯರ ಸಮಗ್ರ ಸ್ವಾಸ್ಥ್ಯ' ಎಂದು ಹೇಳಿ, ಬಿಳಿ ಕುರ್ತಾ ತೊಟ್ಟ ಹೆಂಗಸೊಬ್ಬಳು ಕಿಟಕಿಯ ಹೊರಗೆ ನೋಡಿ ನಗುವುದನ್ನು ತೋರಿಸುತ್ತವೆ. ಒಳಗೆ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದ್ದರೂ ಅವಳು ನಗುತ್ತಿರುತ್ತಾಳೆ. ಅಷ್ಟು ಕೆಲಸ ಮಾಡುವ ಔಷಧಿಯಾದರೆ ನನಗೂ ಒಂದು ಡಜನ್ ಇರಲಿ.

ಸರಿ, ಪರೀಕ್ಷೆಯನ್ನೇ ಮಾಡಿಬಿಡೋಣ ಅಂದುಕೊಂಡೆ. ಅದಕ್ಕೆ ಮೊದಲ ಕಟ್ಟಳೆ ಏನೆಂದರೆ ಔಷಧಿಯನ್ನು ಮುಟ್ಟಬಾರದು! ಕನಿಷ್ಠ ಎರಡು ಚಕ್ರ ಬರೀ ಪುಸ್ತಕ ಬರೆಯಬೇಕು. ದಿನಾ ರಾತ್ರಿ ಪ್ರತಿಯೊಂದು ಲಕ್ಷಣಕ್ಕೂ ಒಂದರಿಂದ ಆರರವರೆಗೆ ಅಂಕ. ಒಂದು ಅಂದರೆ ಏನೂ ಇಲ್ಲ, ಆರು ಅಂದರೆ ವಿಪರೀತ. ನೆನಪಿನ ಮೇಲೆ ಬರೆದರೆ ನಡೆಯುವುದಿಲ್ಲ, ಏಕೆಂದರೆ ನೆನಪು ಪಕ್ಷಪಾತಿ. ಜಗಳವಾದ ದಿನಗಳನ್ನೆಲ್ಲ ಎಳೆದು ತಂದು ಮುಟ್ಟಿನ ಹಿಂದಿನ ವಾರಕ್ಕೆ ಕಟ್ಟಿಬಿಡುತ್ತದೆ. ಅಂಡ ಬಿಡುಗಡೆಯಾದ ಮೇಲಿನ ಹದಿನಾಲ್ಕು ದಿನಗಳ ಆಸುಪಾಸಿನಲ್ಲಿ ಅಂಕ ಏರಿ, ಮುಟ್ಟಾದ ಮೇಲೆ ಇಳಿದರೆ ಮಾತ್ರ ಅದು ಪಿಎಂಎಸ್. ತಿಂಗಳಿಡೀ ಒಂದೇ ಸಮ ಏರಿದ್ದರೆ ಅದು ಸಂಸಾರ.

ಪುಸ್ತಕ ಬರೆಯುವುದು ಕಾಣುವಷ್ಟು ಸುಲಭವಲ್ಲ. 'ಸಿಟ್ಟು, ಕಿರಿಕಿರಿ' ಎಂಬ ಸಾಲಿನ ಮುಂದೆ ಅಂಕ ಹಾಕುವಾಗ ಕೈ ನಿಲ್ಲುತ್ತದೆ. ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿದ್ದಿತ್ತು. ಕೂಗಾಡಿದೆ. ಅದು ಪ್ರೊಜೆಸ್ಟರಾನಿನದೋ ಟವೆಲ್ಲಿನದೋ? 'ದಿನನಿತ್ಯದ ಕೆಲಸಗಳಲ್ಲಿ ಆಸಕ್ತಿ ಕಳೆದುಕೊಂಡಿರಾ' ಎಂದು ಇನ್ನೊಂದು ಪ್ರಶ್ನೆ. ದಿನನಿತ್ಯದ ಕೆಲಸವೆಂದರೆ ಪಾತ್ರೆ, ಬಟ್ಟೆ, ಮತ್ತೆ ಪಾತ್ರೆ. ಇವುಗಳಲ್ಲಿ ಆಸಕ್ತಿ ಇದ್ದ ದಿನ ಯಾವುದು ಎಂದು ಕೇಳುವ ಕಾಲಂ ಇಲ್ಲ. ಇದರ ಮೇಲೆ, ಪುಸ್ತಕವೊಂದು ಇದೆಯೆಂದು ಗೊತ್ತಾದ ಮೇಲೆ ಮನೆಯವರ ನಡತೆಯೇ ಬದಲಾಯಿತು. ನಮ್ಮವರು ಟವೆಲ್ಲನ್ನು ತಂತಿಯ ಮೇಲೆ ಹರವತೊಡಗಿದರು. ಅತ್ತೆ "ಇವತ್ತು ಎಷ್ಟು ಹಾಕಿದೆ?" ಎಂದು ಎಸ್ಸೆಸ್ಸೆಲ್ಸಿ ಅಂಕ ಕೇಳಿದ ಹಾಗೆ ಕೇಳತೊಡಗಿದರು. ಔಷಧಿಯ ಮುಚ್ಚಳ ತೆಗೆಯುವ ಮೊದಲೇ ಅರ್ಧ ಗುಣ ಕಂಡಿತು.

ಈ ಅರ್ಧ ಗುಣವೇ ಸಂಶೋಧಕರ ತಲೆನೋವು. 1998ರಲ್ಲಿ ಅಮೆರಿಕದಲ್ಲಿ 466 ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಅಥವಾ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟು ನೋಡಿದರು. ಮೂರನೇ ಚಕ್ರದ ಹೊತ್ತಿಗೆ ಕ್ಯಾಲ್ಸಿಯಂ ತಿಂದವರ ತೊಂದರೆಯ ಅಂಕ ಶೇ. 48ರಷ್ಟು ಇಳಿದಿತ್ತು. ಭೇಷ್ ಅನ್ನುವ ಮೊದಲು ಪಕ್ಕದ ಸಾಲು ನೋಡಿ: ಏನೂ ಇಲ್ಲದ ಮಾತ್ರೆ ತಿಂದವರದೂ ಶೇ. 30 ಇಳಿದಿತ್ತು. ಅಂದರೆ ಯಾವ ಬೇರು, ಯಾವ ನಾರು ತಂದರೂ ಮೊದಲು ಆ ಮೂವತ್ತನ್ನು ದಾಟಿ ತೋರಿಸಬೇಕು. ನನ್ನ ಅತ್ತೆಗೆ ಗುಣವಾಯಿತು, ಅವರ ವಾರಗಿತ್ತಿಗೆ ಗುಣವಾಯಿತು ಅನ್ನುವುದೆಲ್ಲ ಆ ಮೂವತ್ತರೊಳಗೇ ಕರಗಿಹೋಗಬಹುದು.

ಮಾತ್ರೆಗಾದರೆ ಹುಸಿ ಮಾತ್ರೆ ಮಾಡುವುದು ಸುಲಭ. ಅರಿಷ್ಟಕ್ಕೆ ಹುಸಿ ಅರಿಷ್ಟ ಮಾಡಿ ನೋಡಿ ಆಗ ಗೊತ್ತಾಗುತ್ತದೆ. ಬಣ್ಣ ಅದೇ ಇರಬೇಕು, ಒಗರು ಅದೇ ಇರಬೇಕು, ಆ ಘಾಟೂ ಇರಬೇಕು, ಅಶೋಕ ಮಾತ್ರ ಇರಬಾರದು. ನಾನು ಬೆಲ್ಲ ಕಾಯಿಸಿ, ಸಕ್ಕರೆ ಕೆಂಪಗೆ ಹುರಿದು, ಟೀ ಡಿಕಾಕ್ಷನ್ ಬೆರೆಸಿ, ಅಳಲೆಕಾಯಿ ತೇಯ್ದು ಹಾಕಿದೆ. ಯಾವ ಬಾಟಲಿಯಲ್ಲಿ ಯಾವುದೆಂಬ ಗುಟ್ಟು ನಮ್ಮವರ ಬಳಿ. ಆದರೆ ಅವರ ಮುಖ ಇದೆಯಲ್ಲ, ಅದರಲ್ಲಿ ಗುಟ್ಟು ನಿಲ್ಲುವುದಿಲ್ಲ. ನಿಜದ್ದನ್ನು ಕೊಡುವಾಗ ಗಂಭೀರವಾಗಿ ತಂದಿಡುತ್ತಿದ್ದರು, ಹುಸಿಯದನ್ನು ಕೊಡುವಾಗ ಮೀಸೆಯ ಕೆಳಗೆ ನಗು. ಕೊಡುವವನಿಗೂ ಯಾವುದು ಯಾವುದೆಂದು ಗೊತ್ತಿರಬಾರದು ಎಂದು ವಿಜ್ಞಾನಿಗಳು ನಿಯಮ ಮಾಡಿದ್ದು ಇಂಥ ಗಂಡಂದಿರನ್ನು ನೋಡಿಯೇ ಇರಬೇಕು.

ಇಷ್ಟಾಗಿ ಬಾಟಲಿಯೊಳಗೆ ಇರುವುದು ಅಶೋಕವೇ ಹೌದೇ? ಬೆಂಗಳೂರಿನ ಬಡಾವಣೆಗಳಲ್ಲಿ ಕಾಂಪೌಂಡಿನುದ್ದಕ್ಕೂ ನೆಟ್ಟಗೆ ನಿಂತ, ಅಂಚು ಸುಕ್ಕಾದ ಉದ್ದೆಲೆಯ ಮರವನ್ನು ಎಲ್ಲರೂ ಅಶೋಕ ಅನ್ನುತ್ತಾರೆ. ಅದು ಅಶೋಕವಲ್ಲ, ಸೀತಾಫಲದ ಬಳಗದ್ದು. ನಿಜವಾದ ಅಶೋಕ ಪಶ್ಚಿಮಘಟ್ಟದ ತಂಪಿನ ಮರ, ಕೊಂಬೆಯ ಮೈಗೇ ಕೇಸರಿ-ಕೆಂಪು ಹೂಗೊಂಚಲು ಬಿಡುತ್ತದೆ. ತೊಗಟೆಗಾಗಿ ಸುಲಿಸಿಕೊಂಡು ಈಗ ಅಪಾಯದಂಚಿನ ಪಟ್ಟಿ ಸೇರಿದೆ. ಮಾರುಕಟ್ಟೆಯಿಂದ ತಂದ ತೊಗಟೆಗೆ ಡಿಎನ್‌ಎ ಪರೀಕ್ಷೆ ಮಾಡಿದವರಿಗೆ ಸಿಕ್ಕ ಮಾದರಿಗಳಲ್ಲಿ ಹೆಚ್ಚಿನವು ಅಶೋಕದ್ದೇ ಆಗಿರಲಿಲ್ಲ. ನಾನು ಮನೆಯಲ್ಲಿ ಮಾಡಿದ ಹುಸಿ ಅರಿಷ್ಟಕ್ಕೆ ಇಷ್ಟು ಶ್ರಮ ಯಾಕೆ ಬೇಕಿತ್ತು!

ಅಶೋಕಕ್ಕೂ ಹೆಂಗಸಿನ ಸಿಟ್ಟಿಗೂ ಇರುವ ನಂಟು ಕಾಳಿದಾಸನಿಗೂ ಗೊತ್ತಿತ್ತು. ಮಾಲವಿಕಾಗ್ನಿಮಿತ್ರದ ಮೂರನೇ ಅಂಕ ನೋಡಿ. ಚೆಲುವೆಯ ಕಾಲೊದೆತ ಬಿದ್ದರೆ ಅಶೋಕ ಹೂ ಬಿಡುತ್ತದೆ ಎಂಬ ನಂಬಿಕೆ. ಒದೆಯಬೇಕಾದ ಪಟ್ಟದರಸಿ ಧಾರಿಣಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡಿದ್ದಾಳೆ. ಅವಳ ಬದಲು ಮಾಲವಿಕೆ ಬಂದು ಒದೆಯುತ್ತಾಳೆ. ಮರೆಯಲ್ಲಿದ್ದ ರಾಜ ಹೊರಬಂದು ಸರಸಕ್ಕಿಳಿದ ಹೊತ್ತಿಗೆ ಕಿರಿಯ ರಾಣಿ ಇರಾವತಿ, ಸ್ವಲ್ಪ ಏರಿಸಿಕೊಂಡೇ, ಅಲ್ಲಿಗೆ ಬರುತ್ತಾಳೆ. ಸೊಂಟದ ಡಾಬನ್ನೇ ಕೈಗೆ ತಗೊಂಡು ರಾಜನಿಗೆ ಬೀಸಲು ಹೋಗುತ್ತಾಳೆ. ಈಗಿನವರಾದರೆ ಕ್ಯಾಲೆಂಡರ್ ನೋಡಿ ಪಿಎಂಎಸ್ ಎಂದುಬಿಡುತ್ತಿದ್ದರು. ಪುಣ್ಯಕ್ಕೆ ಕಾಳಿದಾಸ ಹಾಗೆ ಮಾಡಲಿಲ್ಲ. ಅವಳ ಸಿಟ್ಟಿನ ಕಾರಣ ಅಶೋಕದ ಬುಡದಲ್ಲೇ ನಿಂತಿತ್ತು, ಕಿರೀಟ ಹಾಕಿಕೊಂಡು.

ಗಿಡಮೂಲಿಕೆಯೆಂದ ಕೂಡಲೇ ಮೂಗು ಮುರಿಯುವ ಪೈಕಿ ನಾನಲ್ಲ. ಬಾಣಂತಿಯ ಸ್ನಾನದ ನೀರಿಗೆ ನಾವು ಲಕ್ಕಿ ಸೊಪ್ಪು ಹಾಕುತ್ತೇವಲ್ಲ, ಅದರ ಯುರೋಪಿನ ದಾಯಾದಿಯೊಂದಿದೆ. ಒಂದು ಕಾಲದಲ್ಲಿ ಬ್ರಹ್ಮಚರ್ಯ ಕಾಪಾಡಲೆಂದು ಸನ್ಯಾಸಿಗಳು ಅದರ ಕಾಳು ತಿನ್ನುತ್ತಿದ್ದರಂತೆ. 2001ರಲ್ಲಿ ಜರ್ಮನಿಯಲ್ಲಿ 170 ಹೆಂಗಸರಿಗೆ ಅದರ ಸಾರದ ಮಾತ್ರೆ ಅಥವಾ ಹುಸಿ ಮಾತ್ರೆ ಮೂರು ಚಕ್ರ ಕೊಟ್ಟಾಗ, ಸಾರ ತಿಂದವರಲ್ಲಿ ಶೇ. 52 ಮಂದಿಗೆ ತೊಂದರೆ ಅರ್ಧಕ್ಕರ್ಧ ಕಡಿಮೆಯಾಯಿತು, ಹುಸಿಯವರಲ್ಲಿ ಶೇ. 24 ಮಂದಿಗೆ. ಟೆಹರಾನಿನಲ್ಲಿ ಕೇಸರಿಗೂ ಇಂಥದೇ ಪರೀಕ್ಷೆಯಾಗಿ, ಅದೂ ಹುಸಿಯನ್ನು ಗೆದ್ದಿದೆ. ಈ ಸಂತೋಷಕ್ಕೆ ಕೇಸರಿಬಾತ್ ತಿನ್ನಹೊರಡಬೇಡಿ, ಅದರಲ್ಲಿ ಕೇಸರಿ ಎಷ್ಟಿರುತ್ತದೆಂದು ಎಲ್ಲರಿಗೂ ಗೊತ್ತಿದ್ದದ್ದೇ. ಶತಾವರಿಯೂ ಲೋಧ್ರವೂ ನಮ್ಮ ಅಶೋಕವೂ ಹೀಗೇ ಪರೀಕ್ಷೆಗೆ ಕೂರಲಿ, ಪಾಸಾದರೆ ಮೊದಲ ಬಾಟಲಿ ನನ್ನದೇ.

ನಗುವಿನ ನಡುವೆ ಒಂದು ಮಾತು. ಆ ವಾರ ಬಂತೆಂದರೆ ಬದುಕೇ ಬೇಡವೆನಿಸುವ ಹೆಂಗಸರಿದ್ದಾರೆ. ಅದು ಬೇರೆಯೇ ದರ್ಜೆಯದು, ಪಿಎಂಡಿಡಿ ಎಂದು 2013ರಿಂದ ಮನೋವೈದ್ಯರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ದಾಖಲಾಗಿದೆ. ಹಾರ್ಮೋನು ಹೆಚ್ಚಾಗಿಯೋ ಕಡಿಮೆಯಾಗಿಯೋ ಅಲ್ಲ, ಸಹಜ ಏರಿಳಿತಕ್ಕೇ ಮಿದುಳು ಅತಿಯಾಗಿ ಮಿಡಿಯುವುದರಿಂದ ಆಗುವುದು. ಅದಕ್ಕೆ ಪರೀಕ್ಷೆ ಗೆದ್ದ ಮಾತ್ರೆಗಳಿವೆ. ಅಂಥವರ ಕೈಗೆ ಬಾಟಲಿ ಕೊಟ್ಟು ಕೂರಿಸಬಾರದು, ವೈದ್ಯರ ಬಳಿ ಕರೆದೊಯ್ಯಬೇಕು.

ನನ್ನ ಪರೀಕ್ಷೆಯ ಫಲಿತಾಂಶ ಕೇಳಿದರೆ, ನಿಜದ ಬಾಟಲಿಗೂ ಹುಸಿಯ ಬಾಟಲಿಗೂ ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಬ್ಬಳ ಲೆಕ್ಕಕ್ಕೆ ಯಾವ ಬೆಲೆಯೂ ಇಲ್ಲ ಅನ್ನಿ. ಆದರೆ ಪುಸ್ತಕದಲ್ಲಿ ಇನ್ನೊಂದು ಸಂಗತಿ ಎದ್ದು ಕಾಣುತ್ತಿತ್ತು. ಕೆಲವು ಆರಂಕಗಳು ಮುಟ್ಟಿನ ಹಿಂದಿನ ವಾರದಲ್ಲಿರಲಿಲ್ಲ, ಮುಟ್ಟು ಮುಗಿದು ಹಾರ್ಮೋನುಗಳೆಲ್ಲ ಸಭ್ಯವಾಗಿ ಕೂತಿದ್ದ ದಿನಗಳಲ್ಲಿದ್ದವು. ಪಕ್ಕದಲ್ಲಿ ನನ್ನದೇ ಅಕ್ಷರ: 'ನಾದಿನಿ ಸಂಸಾರ ಸಮೇತ ಬಂದಳು', 'ಗ್ಯಾಸ್ ಬುಕ್ ಮಾಡಲು ಮರೆತರು', 'ಹೇಳದೆ ಆರು ಜನರನ್ನು ಊಟಕ್ಕೆ ಕರೆತಂದರು'. ಉಳಿದ ಅರಿಷ್ಟ ಹಾಳಾಗಲಿಲ್ಲ. ಶ್ಲೋಕದಲ್ಲಿ ಮಂದಾಗ್ನಿಯೂ ಇದೆಯೆಂದು ಮಾವನವರಿಗೆ ಯಾರೋ ಹೇಳಿದರು. ಇರುವೆ ಗಾತ್ರದ ಅಕ್ಷರವನ್ನು ಅವರೇ ಕನ್ನಡಕ ಹಾಕಿಕೊಂಡು ಓದಿದರು. ಅಂದಿನಿಂದ ಊಟವಾದ ಮೇಲೆ ತಪ್ಪದೆ ಇಪ್ಪತ್ನಾಲ್ಕು ಮಿಲಿ, ನೀರು ಬೇಡವಂತೆ.

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ಅಂದು ಸಂಜೆ ಆ ಸುದ್ದಿಯನ್ನು ನಮ್ಮವರು ಗಟ್ಟಿಯಾಗಿ ಓದಿದರು. ಓದಿ, ರಜೆ ಕೊಟ್ಟದ್ದು ಸರಿ, ಆದರೆ ಅದಕ್ಕೆ ಮುಂಚಿನ ವಾರಕ್ಕೆ ಏನೂ ವ್ಯವಸ್ಥೆ ಮಾಡಿಲ್ಲ, ಆ ವಾರ ಗಂಡಂದಿರಿಗೂ ಒಂದು ದಿನ ಕೊಡಬೇಕು ಎಂದು ಅರ್ಜಿ ಬರೆಯಲು ಕೂತರು. ಪುರಾವೆಗೆ ನನ್ನ ಅಂಕದ ಪುಸ್ತಕ ಬೇಕಂತೆ. ಕೊಡುತ್ತೇನೆ ಅಂದೆ, ಆದರೆ ಆರಂಕದ ಪಕ್ಕದ ಷರಾಗಳನ್ನೂ ಸೇರಿಸಿಯೇ ಲಗತ್ತಿಸಬೇಕು ಅಂದೆ. ಅರ್ಜಿ ಇನ್ನೂ ಹೋಗಿಲ್ಲ.