ಆರು ಪೆನ್ಸಿಲ್, ಒಂದು ಸ್ಪರ್ಧೆ

ಭಾನುವಾರ ಆನ್‌ಲೈನ್ ಪಜಲ್ ಸ್ಪರ್ಧೆ. ಶುಕ್ರವಾರದಿಂದಲೇ ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಳೆ. ಆರು ಪೆನ್ಸಿಲ್ ಹೆರೆದು ಸಾಲಾಗಿ ಜೋಡಿಸಿಟ್ಟೆ.

"ಕಂಪ್ಯೂಟರ್‌ನಲ್ಲಿ ಸ್ಪರ್ಧೆ ಅಂತೀರಿ, ಪೆನ್ಸಿಲ್ ಯಾಕ್ರೀ?" ಎಂದಳು ಮಡದಿ.

ಪಜಲ್‌ಗಳನ್ನು ಪ್ರಿಂಟ್ ತೆಗೆದು, ಕಾಗದದ ಮೇಲೆ ಬಿಡಿಸಿ, ಸ್ಪರ್ಧೆಯವರು ಗುರುತು ಹಾಕಿದ ಸಾಲುಗಳ ಅಂಕಿಗಳನ್ನಷ್ಟೇ ಟೈಪ್ ಮಾಡಬೇಕೆಂದು ವಿವರಿಸಿದೆ.

"ಹಾಗಾದ್ರೆ ಉಳಿದ ಸಾಲು ತಪ್ಪಿದ್ರೂ ನಡೆಯುತ್ತಾ?"

ಮನೆಯಲ್ಲಿ ತರ್ಕ ಯಾರಿಗಿದೆ ಎಂಬುದು ಅಲ್ಲೇ ತೀರ್ಮಾನವಾಯಿತು.

ಅಭ್ಯಾಸಕ್ಕೆಂದು ಮೊದಲು ಸುಡೊಕು ಹಿಡಿದೆ. ಅದರಲ್ಲಿ 81 ಮನೆ. ಒಂದೇ ಉತ್ತರ ಬರಬೇಕಾದರೆ ಕನಿಷ್ಠ 17 ಅಂಕಿಗಳಾದರೂ ಮೊದಲೇ ತುಂಬಿರಬೇಕೆಂದು ಗಣಿತಜ್ಞರು 2012ರಲ್ಲಿ ತೋರಿಸಿಕೊಟ್ಟರು. ನನಗೆ 60 ಕೊಟ್ಟರೂ ಎರಡು ಉತ್ತರ ಬರುತ್ತವೆ, ಎರಡೂ ತಪ್ಪು. ಇನ್ನು ನುರಿಕಬೆ ಎಂಬ ಪಜಲ್. ಜಪಾನಿನ ಜನಪದದಲ್ಲಿ ಅದು ರಾತ್ರಿ ದಾರಿಹೋಕರಿಗೆ ಅಡ್ಡ ನಿಲ್ಲುವ ಗೋಡೆದೆವ್ವದ ಹೆಸರು. ನನಗದು ಹಾಡಹಗಲೇ ಅಡ್ಡ ನಿಂತಿತು.

2017ರಲ್ಲಿ ಸುಡೊಕು, ಪಜಲ್ ವಿಶ್ವ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲೇ ನಡೆಯಿತು. ಆಗ ನಾನು ಟ್ರಾಫಿಕ್ಕಿನಲ್ಲಿ ನಮ್ಮೂರಿನದೇ ಪಜಲ್ ಬಿಡಿಸುತ್ತಿದ್ದೆ. ಅದಕ್ಕಿನ್ನೂ ಉತ್ತರ ಸಿಕ್ಕಿಲ್ಲ.

ಕೊನೆಗೂ ಭಾನುವಾರ ಬಂತು. ಸ್ನಾನ ಮುಗಿಸಿ, ಗಣಪತಿಗೆ ಕೈಮುಗಿದು, ಫಿಲ್ಟರ್ ಕಾಫಿ ಪಕ್ಕಕ್ಕಿಟ್ಟು 'ಸ್ಟಾರ್ಟ್' ಒತ್ತಿದೆ. ಪಾಸ್‌ವರ್ಡ್ ಬಂತು, ಕಡತ ತೆರೆಯಿತು, ಗಡಿಯಾರ ಓಡಿತು. ಪ್ರಿಂಟರ್ ಮಾತ್ರ ಒಮ್ಮೆ ಕೆಮ್ಮಿ ಬಿಳೀ ಹಾಳೆಯನ್ನು ಹೊರದಬ್ಬಿತು. ಇಂಕ್ ಖಾಲಿ!

ಆರು ಪೆನ್ಸಿಲ್‌ಗಳೂ ಚೂಪಾಗಿ ನನ್ನನ್ನೇ ನೋಡುತ್ತಿದ್ದವು. ಮಡದಿ ಒಂದನ್ನು ಎತ್ತಿಕೊಂಡು ಆ ಬಿಳೀ ಹಾಳೆಯ ಮೇಲೆ ದಿನಸಿ ಪಟ್ಟಿ ಬರೆಯಲು ಕೂತಳು.