‘ಆಂಡ್ರೊಮಿಡಾ’ ಪಾಠಾಂತರ ಮೀಮಾಂಸೆ: ಕಾಗದದ ಚೂರೊಂದರ ವಿಶೇಷ ಪರಾಮರ್ಶೆಯೊಡನೆ

‘ದಿ ಆಂಡ್ರೊಮಿಡಾ ಸ್ಟ್ರೇನ್’ ಎಂಬ ಕೃತಿಯ ಎರಡು ದೃಶ್ಯಪ್ರತಿಗಳು ಸದ್ಯಕ್ಕೆ ಉಪಲಬ್ಧವಿವೆ. ರಾಬರ್ಟ್ ವೈಸ್ ನಿರ್ದೇಶಿಸಿದ 1971ರ ಚಲನಚಿತ್ರವನ್ನು ‘ಕ’ ಪ್ರತಿ ಎನ್ನೋಣ. 2008ರ ಮೇ ತಿಂಗಳಲ್ಲಿ ಅಮೆರಿಕದ ಟೀವಿಯಲ್ಲಿ ಎರಡು ಕಂತಾಗಿ ಬಂದ, ಮಿಕೇಲ್ ಸಾಲೊಮನ್ ನಿರ್ದೇಶನದ ಕಿರುಸರಣಿ ‘ಖ’ ಪ್ರತಿ. ಎರಡಕ್ಕೂ ಮಾತೃಕೆ ಮೈಕೆಲ್ ಕ್ರೈಟನ್‌ನ 1969ರ ಕಾದಂಬರಿ. ಕಟ್ಟುಕಥೆಯ ಬಾಲಕ್ಕೆ ಗಂಭೀರ ಮುಖದ ಗ್ರಂಥಋಣವನ್ನು ಜೋಡಿಸಿದ ಆ ಮಹನೀಯನು ಅಣಕು ವಿದ್ವತ್ತಿನಲ್ಲಿ ನಮಗೆಲ್ಲ ಹಿರಿಯ, ಆದ್ದರಿಂದ ಪ್ರಾತಃಸ್ಮರಣೀಯ.

ಕಥಾವಸ್ತು ಪ್ರಸಿದ್ಧವೇ. ಆಂಡ್ರೊಮಿಡಾ ಎಂಬ ಸೂಕ್ಷ್ಮಜೀವಿಯನ್ನು ಹೊತ್ತ ಉಪಗ್ರಹವೊಂದು ಪೀಡ್‌ಮಾಂಟ್ ಎಂಬ ಊರಿಗೆ ಬೀಳುತ್ತದೆ, ಊರು ಸಾಯುತ್ತದೆ. (ಈ ಊರು ಮಾತೃಕೆಯಲ್ಲಿ ಅರಿಜೋನಾದಲ್ಲಿದೆ, ‘ಕ’ದಲ್ಲಿ ನ್ಯೂ ಮೆಕ್ಸಿಕೊದಲ್ಲಿ, ‘ಖ’ದಲ್ಲಿ ಯೂಟಾದಲ್ಲಿ. ಸ್ಥಳಪುರಾಣಗಳನ್ನು ಓದಿ ಪಳಗಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ.) ಬದುಕುಳಿದವರು ಒಂದು ಎಳೆಗೂಸು, ಒಬ್ಬ ಕುಡುಕ ಮುದುಕ. ‘ಕ’ ಪ್ರತಿಯ ಪ್ರಕಾರ ಅತ್ತೂ ಅತ್ತೂ ಏದುಸಿರು ಬಿಟ್ಟ ಕೂಸಿನ ರಕ್ತ ಕ್ಷಾರದತ್ತ ವಾಲಿತ್ತು. ಸ್ಟರ್ನೊ ಎಂಬ ಸ್ಪಿರಿಟ್ಟನ್ನೂ ಆಸ್ಪಿರಿನ್ನನ್ನೂ ಒಟ್ಟಿಗೆ ಸೇವಿಸುತ್ತಿದ್ದ ಮುದುಕನದು ಆಮ್ಲದತ್ತ. ನಡುವಿನ ಸಮಸ್ಥಿತಿಯಲ್ಲಿದ್ದ ಸಜ್ಜನರೆಲ್ಲ ಹೋದರು. ಮಿತಾಹಾರ, ಮಿತಭಾಷೆ ಇತ್ಯಾದಿಗಳನ್ನು ಬೋಧಿಸುವ ನೀತಿಗ್ರಂಥಗಳು ಈ ಘಟನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಈಗ ಪ್ರಕೃತ ಸಂಶೋಧನೆಯ ತಿರುಳಿಗೆ ಬರೋಣ. ‘ಕ’ ಪ್ರತಿಯ ಖಳನಾಯಕ ಆಂಡ್ರೊಮಿಡಾ ಎಂದು ಪೂರ್ವಸೂರಿಗಳು ನಂಬಿದ್ದರು. ಅದು ತಪ್ಪು. ಖಳನಾಯಕ ಒಂದು ಕಾಗದದ ಚೂರು. ನೆವಾಡಾದ ನೆಲದಡಿ, ವಿಜ್ಞಾನಿಗಳು ಆ ಜೀವಿಯನ್ನು ಪರೀಕ್ಷಿಸುವ ಐದು ಅಂತಸ್ತಿನ ವೈಲ್ಡ್‌ಫೈರ್ ಪ್ರಯೋಗಶಾಲೆಯಿದೆ; ಒಳಹೋಗುವವರ ಹೊರಚರ್ಮವನ್ನೇ ಬೆಳಕಿನ ಹೊಡೆತಕ್ಕೆ ಬೂದಿಮಾಡಿ ಶುದ್ಧಿಗೊಳಿಸುತ್ತಾರೆ. ನಮ್ಮ ಯಾವ ಮಡಿವಂತರೂ ಇಷ್ಟು ದೂರ ಹೋದದ್ದಿಲ್ಲ. ಇಂಥ ಕೋಟೆಯಲ್ಲಿ, ಟೆಲಿಪ್ರಿಂಟರಿನ ಗಂಟೆಗೂ ಅದರ ಬಡಿಗೆಗೂ ನಡುವೆ ಚೂರು ಕಾಗದ ಸಿಕ್ಕಿಕೊಳ್ಳುತ್ತದೆ. ಗಂಟೆ ಬಾರಿಸುವುದಿಲ್ಲ. ಪೀಡ್‌ಮಾಂಟಿನ ಮೇಲೆ ಬಾಂಬು ಹಾಕುವುದನ್ನು ಮುಂದೂಡಲಾಗಿದೆ ಎಂಬ ಸುದ್ದಿ ಆ ಮಹಾಮೇಧಾವಿಗಳಿಗೆ ಸಕಾಲಕ್ಕೆ ತಲಪುವುದೇ ಇಲ್ಲ. ಇನ್ನೊಂದೆಡೆ, ಮೂರ್ಛೆರೋಗವನ್ನು ಮುಚ್ಚಿಟ್ಟಿದ್ದ ಡಾ. ರೂತ್ ಲೆವಿಟ್, ಮಿನುಗುವ ಕೆಂಪು ದೀಪದೆದುರು ಮಂಕಾಗಿ ಕೂತುಬಿಡುತ್ತಾಳೆ. ಬೇಕಾಗಿದ್ದ ಉತ್ತರ ಅವಳ ಕಣ್ಣೆದುರೇ ಹಾದುಹೋಗುತ್ತದೆ. ಪ್ರೇಕ್ಷಕನಿಗೆ ಬೆನ್ನುಹುರಿ ತಣ್ಣಗಾಗುವುದು ಇಲ್ಲಿ. ಯಾರೂ ಕೆಟ್ಟವರಲ್ಲ, ಯಾರೂ ಚೀರುವುದಿಲ್ಲ, ಆದರೂ ಲೋಕ ಮುಳುಗಬಹುದು.

‘ಖ’ ಪ್ರತಿಯ ಲಿಪಿಕಾರನಿಗೆ ಈ ಚೂರು ಸಾಲದಾಯಿತು. ಆತ ಪ್ರಕ್ಷಿಪ್ತಗಳನ್ನು ಸುರಿದಿದ್ದಾನೆ: ಬೆನ್ನಟ್ಟುವ ಪತ್ರಕರ್ತ, ಸರ್ಕಾರದ ಒಳಸಂಚು, ಕಡಲತಳದ ಗಣಿಗಾರಿಕೆ, ಆಕಾಶದಲ್ಲೊಂದು ಹುಳುರಂಧ್ರ, ಅದರ ಮೂಲಕ ಭವಿಷ್ಯದವರು ಕಳಿಸಿದ ಗೂಢಲಿಪಿಯ ಪತ್ರ. ‘ಕ’ದಲ್ಲಿ ಪಕ್ಕದ ಕೋಣೆಯ ಸಂದೇಶವೇ ತಲಪುವುದಿಲ್ಲ; ‘ಖ’ದಲ್ಲಿ ಇನ್ನೂ ಹುಟ್ಟದವರ ಪತ್ರವೂ ಸಕಾಲಕ್ಕೆ ಬಟವಾಡೆಯಾಗುತ್ತದೆ. ಅಂಚೆ ಇಲಾಖೆಯ ದೃಷ್ಟಿಯಿಂದ ಇದು ಪ್ರಗತಿ. ರಸದ ದೃಷ್ಟಿಯಿಂದ ಅಲ್ಲ. ಎಲ್ಲಕ್ಕೂ ಕಾರಣ ಸಿಕ್ಕ ಮೇಲೆ ಭಯಾನಕವು ವ್ಯಾಖ್ಯಾನವಾಗಿ ಇಳಿದುಹೋಗುತ್ತದೆ, ಮತ್ತು ವ್ಯಾಖ್ಯಾನಕ್ಕೆ ಹೆದರುವವರು ವಿದ್ಯಾರ್ಥಿಗಳು ಮಾತ್ರ.

ಪೂರ್ವಪಕ್ಷದವರು ಆಕ್ಷೇಪಿಸಬಹುದು: ‘ಕ’ ಪ್ರತಿ ನಿಧಾನವಲ್ಲವೆ? ನಿಧಾನವೇ. ಎರಡು ಗಂಟೆ ಮೀರಿದ ಚಿತ್ರದಲ್ಲಿ ಬಹುಪಾಲು ಜನ ಗಾಜಿನಾಚೆ ನೋಡುತ್ತ, ಇಕ್ಕಳ ಆಡಿಸುತ್ತ, ಅಂಕಿ ಓದುತ್ತಾರೆ. ಆದರೆ ಆ ಹೊತ್ತನ್ನು ಕತ್ತರಿಸಿದ್ದರೆ ಚೂರು ಕಾಗದ ಬರೀ ಕಸವಾಗುತ್ತಿತ್ತು.

ನ್ಯಾಯಕ್ಕಾಗಿ ‘ಖ’ ಪ್ರತಿಯ ಒಂದು ಪಾಠವನ್ನು ಮಾತ್ರ ಮೆಚ್ಚಬೇಕು. ಸೋಂಕು ಸೋರಿದಾಗ ತಾನಾಗಿಯೇ ಆಗಲಿರುವ ಪ್ರಯೋಗಶಾಲೆಯ ಅಣುಸ್ಫೋಟವನ್ನು ತಡೆಯಲು ‘ಕ’ದ ಡಾ. ಹಾಲ್ ಲೇಸರ್ ಏಟು ತಿನ್ನುತ್ತ ಏಣಿ ಹತ್ತಿ ಕೀಲಿ ತಿರುಗಿಸಿದರೆ, ‘ಖ’ದಲ್ಲಿ ಅದಕ್ಕೆ ಸಹೋದ್ಯೋಗಿಯ ಹೆಬ್ಬೆರಳನ್ನೇ ಕತ್ತರಿಸಬೇಕಾಗುತ್ತದೆ. ಇದರ ಮೇಲೆ ಏಕಲವ್ಯ ಪ್ರಸಂಗದ ಪ್ರಭಾವ ನಿಸ್ಸಂದೇಹ. ಈ ಕುರಿತು ಪ್ರತ್ಯೇಕ ಪಿಎಚ್.ಡಿ. ಆಗಬೇಕಿದೆ, ಅಭ್ಯರ್ಥಿಗಳು ನೋಂದಣಿಗೆ ಮುನ್ನ ಮಾರ್ಗದರ್ಶಕರ ಗುರುದಕ್ಷಿಣೆ ಏನೆಂದು ವಿಚಾರಿಸಿಕೊಳ್ಳುವುದು ಒಳಿತು.